ಹೊಲಕ್ಕೆ ಹೊರಟಿರಾ? ಕುಡಿಯುವ ನೀರಿನ ಲೆಕ್ಕ ಹಾಕಿಕೊಳ್ಳಿ



ಎತ್ತಿಗೆ ನೀರು ಕುಡಿಸದೆ ನೀವು ನೊಗ ಹೂಡುವುದಿಲ್ಲ. ಭತ್ತದ ಗದ್ದೆಯಲ್ಲಿ ಎಷ್ಟು ಬೆರಳು ನೀರು ನಿಂತಿದೆ ಎಂದು ನೋಡಿದ ಮೇಲೆಯೇ ಮಡೆ ಕಟ್ಟುತ್ತೀರಿ. ಹತ್ತಿಗೆ ನೀರು ಬೇಕೋ ಬೇಡವೋ ಎಂಬುದನ್ನು ಎಲೆಯ ಬಾಡು ನೋಡಿ, ಮಣ್ಣನ್ನು ಹಿಡಿಯಲ್ಲಿ ಹಿಚುಕಿ ಹೇಳಬಲ್ಲಿರಿ. ಆದರೆ ನಿನ್ನೆ ನಿಮ್ಮ ಮೈಗೆ ಎಷ್ಟು ನೀರು ಹೋಯಿತು ಎಂದು ಕೇಳಿದರೆ ಉತ್ತರ ಹೇಳುವವರು ಬಹಳ ಕಡಿಮೆ. ಮನೆಯಾಕೆಯನ್ನು ಕೇಳಿದರೆ ಇನ್ನೂ ಕಡಿಮೆ.

ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಆಗಲಿ, ದೇವದುರ್ಗ, ರಾಯಚೂರು ತಾಲ್ಲೂಕುಗಳ ಹಳ್ಳಿಗಳಾಗಲಿ, ಕೃಷ್ಣೆ ತುಂಗಭದ್ರೆಯರ ನಡುವೆ ಇರುವ ಊರುಗಳು. ಎರಡು ದೊಡ್ಡ ನದಿಗಳ ನಡುವೆ ಇದ್ದರೂ ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸ ಮಾತಲ್ಲ. ಈ ಬಿಸಿಲನ್ನು ಮನಗಂಡೇ ಸರ್ಕಾರವು ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಬೇಸಿಗೆಯ ಎರಡು ತಿಂಗಳು ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತ ಬಂದಿದೆ. ಫ್ಯಾನಿನ ಕೆಳಗೆ ಕೂತವರಿಗೇ ಈ ಏರ್ಪಾಡು ಬೇಕೆಂದ ಮೇಲೆ ಬಯಲಲ್ಲಿ ಬಾಗಿ ದುಡಿಯುವವರ ಗತಿ ಏನು? ಅವರಿಗೆ ದಿನಕ್ಕೆ ಎಷ್ಟು ನೀರು ಬೇಕು? ಇದನ್ನು ನೀವೇ ಲೆಕ್ಕ ಹಾಕಿಕೊಳ್ಳುವ ಕ್ರಮವನ್ನು ಈ ವಾರ ತಿಳಿಸುತ್ತೇವೆ.

ಎಂಟು ಲೋಟದ ಮಾತು ಎಲ್ಲಿಂದ ಬಂತು?

"ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕು" ಎಂಬ ಮಾತನ್ನು ನೀವು ಕೇಳಿರಬಹುದು. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣಾ ಮಂಡಳಿಯು ವಯಸ್ಕರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರು ನೀರು ಸಾಕೆಂದು ಹೇಳಿತು. ಇದರ ಹೆಚ್ಚಿನ ಭಾಗ ಊಟದಲ್ಲಿಯೇ ದೊರೆಯುತ್ತದೆ ಎಂದೂ ಅದೇ ಉಸಿರಿನಲ್ಲಿ ಹೇಳಿತ್ತು. ಜನ ಮೊದಲ ಮಾತನ್ನು ಹಿಡಿದುಕೊಂಡು ಎರಡನೆಯದನ್ನು ಬಿಟ್ಟರು. ಎಂಟು ಲೋಟದ ನಿಯಮ ಹೀಗೆ ಬೆಳೆದಿರಬಹುದೆಂದು ಬಲ್ಲವರು ಊಹಿಸುತ್ತಾರೆ. 2002ರಲ್ಲಿ ಹೈನ್ಸ್ ವಾಲ್ಟಿನ್ ಎಂಬ ಮೂತ್ರಪಿಂಡ ತಜ್ಞರು ಈ ನಿಯಮಕ್ಕೆ ವೈಜ್ಞಾನಿಕ ಆಧಾರವನ್ನು ಹುಡುಕಿ ನೋಡಿ, ಅಂಥದ್ದು ಸಿಗಲಿಲ್ಲವೆಂದು ಬರೆದರು.

2022ರಲ್ಲಿ 23 ದೇಶಗಳ 5,604 ಜನರ ಮೇಲೆ ನಡೆದ ಒಂದು ದೊಡ್ಡ ಅಧ್ಯಯನವು ಪ್ರಕಟವಾಯಿತು. ಒಬ್ಬೊಬ್ಬರ ದೇಹದಲ್ಲಿ ದಿನಕ್ಕೆ ಎಷ್ಟು ನೀರು ಬಂದು ಹೋಗುತ್ತದೆ ಎಂಬುದನ್ನು ಅದರಲ್ಲಿ ಅಳೆಯಲಾಗಿತ್ತು. ವಯಸ್ಸು, ಮೈಕಟ್ಟು, ದುಡಿಮೆ, ಬಿಸಿಲು, ಗಾಳಿಯ ತೇವ ಇವುಗಳಿಗೆ ತಕ್ಕಂತೆ ನೀರಿನ ಅಗತ್ಯ ಬದಲಾಗುತ್ತದೆಂದು ಅದು ತೋರಿಸಿತು. ಅಂದರೆ ಎಲ್ಲರಿಗೂ ಒಂದೇ ಅಳತೆ ಎಂಬುದಿಲ್ಲ. ಅಂಗಡಿಯಲ್ಲಿ ಕೂತವನ ಅಳತೆ ಬೇರೆ, ಭತ್ತದ ಮೂಟೆ ಹೊರುವವನ ಅಳತೆ ಬೇರೆ. ನಿಮ್ಮ ಅಳತೆಯನ್ನು ನೀವೇ ಕಂಡುಕೊಳ್ಳಬೇಕು.

ಮೊದಲು ಚರಗಿಯನ್ನು ಅಳೆಯಿರಿ

ಲೆಕ್ಕಕ್ಕೆ ಕೂರುವ ಮುನ್ನ ಒಂದು ಕೆಲಸ ಮಾಡಿ. ಒಂದು ಲೀಟರಿನ ಬಾಟಲಿಯಿಂದ ನಿಮ್ಮ ಮನೆಯ ಚರಗಿ, ಲೋಟ ಮತ್ತು ಹೊಲಕ್ಕೆ ಒಯ್ಯುವ ಕೊಡವನ್ನು ಅಳೆದಿಡಿ. ಚರಗಿಗಳಲ್ಲಿ ಮುಕ್ಕಾಲು ಲೀಟರಿನದೂ ಉಂಟು, ಒಂದೂವರೆ ಲೀಟರಿನದೂ ಉಂಟು. "ಎರಡು ಚರಗಿ ಕುಡಿದೆ" ಎಂದರೆ ಎಷ್ಟು ಎಂಬುದು ಆಗ ಖಚಿತವಾಗುತ್ತದೆ.

ಲೆಕ್ಕದ ಮೂರು ಭಾಗಗಳು

ಮೊದಲನೆಯದು, ಕೆಲಸವಿಲ್ಲದೆ ಮನೆಯಲ್ಲಿದ್ದರೂ ಬೇಕಾದ ಮೂಲ ನೀರು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆಯು 2010ರಲ್ಲಿ ಗಂಡಸರಿಗೆ ಎರಡೂವರೆ ಲೀಟರು, ಹೆಂಗಸರಿಗೆ ಎರಡು ಲೀಟರು ಎಂದು ಹೇಳಿದೆ. ಊಟದಲ್ಲಿನ ನೀರೂ ಇದರಲ್ಲಿ ಸೇರಿದೆ. ಊಟದಿಂದ ಸುಮಾರು ಐದರಲ್ಲೊಂದು ಪಾಲು ಬರುತ್ತದೆ ಎಂದುಕೊಂಡರೆ ಕುಡಿಯಬೇಕಾದದ್ದು ಗಂಡಸರಿಗೆ 2 ಲೀಟರು, ಹೆಂಗಸರಿಗೆ 1.6 ಲೀಟರು. ಗರ್ಭಿಣಿಯರು ಇದಕ್ಕೆ ಸುಮಾರು 300 ಮಿಲಿಲೀಟರು, ಹಾಲುಣಿಸುವ ತಾಯಂದಿರು ಸುಮಾರು 700 ಮಿಲಿಲೀಟರು ಕೂಡಿಸಬೇಕು.

ಎರಡನೆಯದು, ನಮ್ಮ ಬಿಸಿಲಿನ ಪಾಲು. ಮೇಲಿನ ಅಳತೆಯು ತಂಪು ದೇಶದವರದು. ರಾಯಚೂರಿನ ಬೇಸಿಗೆಯಲ್ಲಿ ನೆರಳಿನಲ್ಲಿ ಕೂತವರೂ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಹೆಚ್ಚು ಹಿಡಿಯುವುದು ಲೇಸು.

ಮೂರನೆಯದು, ದುಡಿಮೆಯ ಪಾಲು. ಕಳೆ ತೆಗೆಯುವುದು, ಮೆಣಸಿನಕಾಯಿ ಬಿಡಿಸುವುದು ಮುಂತಾದ ಕೆಲಸಕ್ಕೆ ಗಂಟೆಗೆ ಸುಮಾರು ಅರ್ಧ ಲೀಟರು. ಬದು ಹಾಕುವುದು, ಚೀಲ ಹೊರುವುದು ಮುಂತಾದ ಭಾರದ ಕೆಲಸಕ್ಕೆ ಸುಡುಬಿಸಿಲಿನಲ್ಲಿ ಮುಕ್ಕಾಲರಿಂದ ಒಂದು ಲೀಟರು. ಬಿಸಿಲಿನಲ್ಲಿ ದುಡಿಯುವವರು 15–20 ನಿಮಿಷಕ್ಕೊಮ್ಮೆ ಒಂದು ಲೋಟದಂತೆ ಕುಡಿಯಬೇಕೆಂದು ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಅದರ ಮೇರೆಗೆ ಗಂಟೆಗೆ ಮುಕ್ಕಾಲು ಲೀಟರಿನ ಆಸುಪಾಸಾಗುತ್ತದೆ.

ಈಗ ಒಂದು ಉದಾಹರಣೆ. ಏಪ್ರಿಲ್ ತಿಂಗಳಲ್ಲಿ ಹೆಣ್ಣುಮಗಳೊಬ್ಬಳು ಬೆಳಿಗ್ಗೆ 7ರಿಂದ ಮಧ್ಯಾಹ್ನ 1ರವರೆಗೆ ಆರು ಗಂಟೆ ಹೊಲದಲ್ಲಿ ದುಡಿಯುತ್ತಾಳೆ ಎನ್ನಿ. ಮೂಲ ನೀರು 1.6 ಲೀಟರು, ಬಿಸಿಲಿನ ಪಾಲು ಅರ್ಧ ಲೀಟರು, ಆರು ಗಂಟೆಯ ದುಡಿಮೆಗೆ 3 ಲೀಟರು. ಒಟ್ಟು ಸುಮಾರು 5 ಲೀಟರು. ಅದೇ ಹೆಣ್ಣುಮಗಳು ಡಿಸೆಂಬರಿನ ತಂಪಿನಲ್ಲಿ ಹತ್ತಿ ಬಿಡಿಸುವಾಗ ಮೂರು ಲೀಟರಿನ ಸುಮಾರಿಗೆ ಸಾಕಾಗಬಹುದು. ಎಂಟು ಲೋಟದ ನಿಯಮ ಹಿಡಿದು ಕೂತಿದ್ದರೆ ಬೇಸಿಗೆಯಲ್ಲಿ ಅವಳಿಗೆ ಬೇಕಾದದ್ದರಲ್ಲಿ ಅರ್ಧವೂ ಸಿಗುತ್ತಿರಲಿಲ್ಲ.

ಕಾಟಾ ಹೇಳುವ ಸತ್ಯ

ಈ ಲೆಕ್ಕ ನಿಮ್ಮ ಮೈಗೆ ಒಪ್ಪುವುದೋ ಇಲ್ಲವೋ ಎಂದು ತಿಳಿಯಲು ತೂಕ ನೋಡುವುದು ನೇರ ದಾರಿ. ಗೊಬ್ಬರದ ಅಂಗಡಿಯ ಕಾಟಾ ಆದರೂ ಸರಿ, ಅಂಗನವಾಡಿಯ ತೂಕದ ಯಂತ್ರವಾದರೂ ಸರಿ. ಬೆಳಿಗ್ಗೆ ಹೊಲಕ್ಕೆ ಹೋಗುವ ಮುನ್ನ ಮೂತ್ರಕ್ಕೆ ಹೋಗಿ ಬಂದು ತೂಗಿಕೊಳ್ಳಿ. ಕೆಲಸ ಮುಗಿಸಿ ಬಂದು ಬೆವರು ಒರೆಸಿ, ಅಷ್ಟೇ ಬಟ್ಟೆಯಲ್ಲಿ ಮತ್ತೆ ತೂಗಿಕೊಳ್ಳಿ. ಆ ಹೊತ್ತಿನಲ್ಲಿ ಒಂದು ಕಿಲೊ ತೂಕ ಇಳಿದಿದ್ದರೆ ಸುಮಾರು ಒಂದು ಲೀಟರು ನೀರು ಕಡಿಮೆ ಬಿದ್ದಿದೆ ಎಂದೇ ಅರ್ಥ.

ಹೀಗೆ ನೋಡಿ: ಬೆಳಿಗ್ಗೆ 58 ಕಿಲೊ ಇದ್ದವರು ಮಧ್ಯಾಹ್ನ 57 ಕಿಲೊ ಆದರು. ನಡುವೆ 2 ಲೀಟರು ನೀರು ಕುಡಿದಿದ್ದರು, ಅರ್ಧ ಕಿಲೊ ಬುತ್ತಿ ಉಂಡಿದ್ದರು, ಒಮ್ಮೆ ಕಾಲು ಲೀಟರಿನಷ್ಟು ಮೂತ್ರ ಮಾಡಿದ್ದರು. ಇಳಿದ 1 ಕಿಲೊ, ಕುಡಿದ 2 ಲೀಟರು, ಉಂಡ ಅರ್ಧ ಕಿಲೊ ಕೂಡಿಸಿದರೆ ಮೂರೂವರೆ. ಅದರಲ್ಲಿ ಕಾಲು ಕಳೆದರೆ ಮೂರೂಕಾಲು. ಬೆವರಾಗಿ ಹೋದದ್ದು ಸುಮಾರು ಮೂರೂಕಾಲು ಲೀಟರು! ಮರುದಿನ ಅದೇ ಕೆಲಸಕ್ಕೆ ಅವರು ಎರಡರ ಬದಲು ಮೂರು ಲೀಟರು ಒಯ್ಯಬೇಕು.

ಮೈತೂಕದ ನೂರರಲ್ಲಿ ಎರಡು ಪಾಲು ನೀರು ಕಳೆದರೆ ಕೈಕಾಲಿನ ಕಸುವು, ತಲೆಯ ಚುರುಕು ಎರಡೂ ಕುಗ್ಗತೊಡಗುತ್ತವೆ. 58 ಕಿಲೊ ತೂಕದವರಿಗೆ ಇದು 1 ಕಿಲೊ 160 ಗ್ರಾಂ ಮಾತ್ರ. ಹೊತ್ತೇರಿದಂತೆ ಆಳುಗಳ ಕೈ ನಿಧಾನವಾದರೆ ಸೋಮಾರಿತನ ಎನ್ನುವ ಮುನ್ನ ಕೊಡದಲ್ಲಿ ನೀರಿದೆಯೇ ನೋಡಿ.

ತೂಕ ನೋಡುವ ಅನುಕೂಲ ಎಲ್ಲರಿಗೂ ದಿನಾಲೂ ಇರುವುದಿಲ್ಲ. ಅಂಥವರು ಮೂತ್ರದ ಬಣ್ಣ ಗಮನಿಸಿದರೆ ಸಾಕು. ನಿಂಬೆ ಶರಬತ್ತಿನಂತೆ ತಿಳಿಯಾಗಿದ್ದರೆ ನೀರು ಸಾಲುತ್ತಿದೆ. ಅರಿಶಿನ ನೀರಿನಂತೆ ಗಾಢವಾಗಿದ್ದು, ಉರಿದು, ಸ್ವಲ್ಪವೇ ಬಂದರೆ ನೀರು ಕಡಿಮೆಯಾಗಿದೆ. ಚಹಾ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ಕೆಲವು ವಿಟಮಿನ್ ಗುಳಿಗೆಗಳಿಂದಲೂ ಬಣ್ಣ ಹಳದಿಯಾಗುವುದುಂಟು, ಅದಕ್ಕೆ ಹೆದರಬೇಕಿಲ್ಲ.

ರೊಟ್ಟಿ ಉಣ್ಣುವವರೂ ಅನ್ನ ಉಣ್ಣುವವರೂ

ಊಟದಲ್ಲಿಯೂ ನೀರಿದೆ ಎಂದೆವಷ್ಟೆ. ಬೇಯಿಸಿದ ಅನ್ನದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಸೌತೆಕಾಯಿ, ಕಲ್ಲಂಗಡಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಗಿಲು ನೀರು. ಆದರೆ ಬುತ್ತಿಗೆ ಕಟ್ಟುವ ಖಡಕ್ ರೊಟ್ಟಿಯಲ್ಲಿ ನೀರಿನಂಶ ಬಹಳ ಕಡಿಮೆ. ಜೊತೆಗೆ ಶೇಂಗಾ ಹಿಂಡಿ, ಖಾರ. ಇದನ್ನು ಉಂಡವರು ಕುಡಿಯುವ ನೀರನ್ನು ಹೆಚ್ಚಿಸಲೇಬೇಕು. ನಮ್ಮ ಹಿರಿಯರು ಬೇಸಿಗೆಯಲ್ಲಿ ಜೋಳದ ಅಂಬಲಿ, ಮಜ್ಜಿಗೆಗಳನ್ನು ರೂಢಿಸಿಕೊಂಡದ್ದು ಸುಮ್ಮನೆ ಅಲ್ಲ. ಅವುಗಳಲ್ಲಿ ನೀರೂ ಉಂಟು, ಬೆವರಿನಲ್ಲಿ ಹೋದ ಉಪ್ಪೂ ಮರಳಿ ಬರುತ್ತದೆ. ಚಹಾ ಕೂಡ ಲೆಕ್ಕಕ್ಕೆ ಸೇರುತ್ತದೆ. ಮದ್ಯ ಮಾತ್ರ ಸೇರುವುದಿಲ್ಲ, ಅದು ಮೈಯ ನೀರನ್ನು ಹೊರಗೆ ಹಾಕುತ್ತದೆ.

ಹಾಗೆಂದು ಒಂದೇ ಸಲಕ್ಕೆ ಹೊಟ್ಟೆ ಬಿರಿಯ ಕುಡಿಯಬೇಡಿ. ಮೂತ್ರಪಿಂಡಗಳು ಗಂಟೆಗೆ ಹೊರಹಾಕಬಲ್ಲ ನೀರು ಸುಮಾರು ಒಂದು ಲೀಟರು. ಎಷ್ಟೇ ಸೆಕೆ ಇದ್ದರೂ ಗಂಟೆಗೆ ಒಂದೂವರೆ ಲೀಟರು ಮೀರಬಾರದು. ಮೀರಿದರೆ ರಕ್ತದ ಉಪ್ಪು ತೆಳುವಾಗಿ ತಲೆನೋವು, ವಾಂತಿ, ಮಂಕು ಬರುವ ಅಪಾಯವಿದೆ. ಸ್ವಲ್ಪ ಸ್ವಲ್ಪವಾಗಿ, ಆಗಾಗ ಕುಡಿಯುವುದೇ ಸರಿ.

ಹೆಣ್ಣುಮಕ್ಕಳು ಏಕೆ ಕುಡಿಯುವುದಿಲ್ಲ?

ಇದು ಸಂಕೋಚದ ಮಾತು, ಆದರೂ ಹೇಳಬೇಕಾದ ಮಾತು. ಹೊಲದಲ್ಲಿ ದುಡಿಯುವ ಅನೇಕ ಹೆಣ್ಣುಮಕ್ಕಳು ಬಾಯಾರಿಕೆಯಾದರೂ ನೀರು ಕುಡಿಯುವುದಿಲ್ಲ. ಬಯಲು ಹೊಲದಲ್ಲಿ ಮರೆ ಇಲ್ಲ, ಗಂಡಾಳುಗಳು ಹತ್ತಿರವೇ ಇರುತ್ತಾರೆ, ಮೂತ್ರಕ್ಕೆ ಹೋಗುವುದು ಎಲ್ಲಿ? ಅದಕ್ಕಾಗಿ ಬೆಳಗಿನಿಂದಲೇ ನೀರು ಬಿಟ್ಟು, ಬಂದ ಮೂತ್ರವನ್ನೂ ತಡೆದುಕೊಳ್ಳುತ್ತಾರೆ. ಇದರಿಂದ ಉರಿಮೂತ್ರ, ಸೋಂಕು, ಮುಂದೆ ಹರಳಿನ ತೊಂದರೆಗೂ ದಾರಿಯಾಗುತ್ತದೆ. ಅವರಿಗೆ "ನೀರು ಕುಡಿಯಿರಿ" ಎಂದು ಉಪದೇಶ ಮಾಡಿ ಫಲವಿಲ್ಲ.

ಹೊಲದ ಒಡೆಯರು ಒಂದು ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು ಹಳೆಯ ತಾಡಪತ್ರಿಯನ್ನೋ ಗೋಣಿತಟ್ಟನ್ನೋ ಸುತ್ತಿದರೆ ಮರೆ ಸಿದ್ಧ. ಅರ್ಧ ಗಂಟೆಯ ಕೆಲಸ. ಪಕ್ಕದಲ್ಲಿ ಬಳಸುವ ನೀರಿನ ಒಂದು ಕೊಡ ಇಟ್ಟರೆ ಇನ್ನೂ ಒಳ್ಳೆಯದು. ಕುಡಿಯುವ ನೀರಿನಷ್ಟೇ ಇದೂ ಅಗತ್ಯ.

ಆಳುಗಳ ನೀರು ಒಡೆಯನ ಲೆಕ್ಕ

ಹತ್ತು ಜನ ಆರು ಗಂಟೆ ದುಡಿಯುತ್ತಾರೆ ಎನ್ನಿ. ಹಗುರ ಕೆಲಸಕ್ಕೆ ಗಂಟೆಗೆ ಅರ್ಧ ಲೀಟರಿನಂತೆ 30 ಲೀಟರು, ಭಾರದ ಕೆಲಸಕ್ಕೆ ಮುಕ್ಕಾಲು ಲೀಟರಿನಂತೆ 45 ಲೀಟರು ಬೇಕು. ಇಪ್ಪತ್ತು ಲೀಟರಿನ ಒಂದು ಕ್ಯಾನು ಇಟ್ಟು "ನೀರು ಇಟ್ಟಿದ್ದೇನೆ" ಎಂದರೆ ಸಾಲದು. ಎರಡು ಕ್ಯಾನು ಬೇಕು, ಭಾರದ ಕೆಲಸವಿದ್ದರೆ ಮೂರನೆಯದೂ ಬೇಕು. ಕ್ಯಾನನ್ನು ಬದುವಿನ ತುದಿಯಲ್ಲಿಡದೆ ಕೆಲಸದ ಹತ್ತಿರ ನೆರಳಿನಲ್ಲಿಡಿ, ಒದ್ದೆ ಗೋಣಿ ಸುತ್ತಿಡಿ. ನೀರು ದೂರವಿದ್ದರೆ ಕೂಲಿಯವರು ಎದ್ದು ಹೋಗಲು ಅಂಜುತ್ತಾರೆ.

ಹೆಚ್ಚು ಕುಡಿಯುವವರಿಗೆ ನೀರು ಹೆಚ್ಚು ಚೊಕ್ಕಟವಿರಬೇಕು

ರಾಯಚೂರು ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇರುವುದು ತಿಳಿದ ವಿಷಯ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಳಗಿರುವುದು ಒಳ್ಳೆಯದು. ಬೇರೆ ನೀರು ಸಿಗದಿದ್ದಾಗ ಒಂದೂವರೆ ಮಿಲಿಗ್ರಾಂವರೆಗೆ ಸಹಿಸಬಹುದು. ಈಗ ನಮ್ಮ ಲೀಟರಿನ ಲೆಕ್ಕವನ್ನು ಇದಕ್ಕೆ ಕೂಡಿಸಿ ನೋಡಿ. ಒಂದೂವರೆ ಮಿಲಿಗ್ರಾಂ ಇರುವ ನೀರನ್ನು 2 ಲೀಟರು ಕುಡಿದವನ ಹೊಟ್ಟೆಗೆ 3 ಮಿಲಿಗ್ರಾಂ ಹೋಗುತ್ತದೆ. ಅದೇ ನೀರನ್ನು 5 ಲೀಟರು ಕುಡಿದವನಿಗೆ ಏಳೂವರೆ ಮಿಲಿಗ್ರಾಂ! ಹೀಗೆ ಬಿಸಿಲಿನಲ್ಲಿ ದುಡಿಯುವ ರೈತನಿಗೇ ಈ ವಿಷ ಹೆಚ್ಚು ತಗಲುತ್ತದೆ. ಹಲ್ಲು ಕಂದಾಗುವುದು, ಕೀಲು ಬಿಗಿಯುವುದು, ಬೆನ್ನು ಬಾಗುವುದು ಇದರ ಫಲ.

ಈ ಮಾತು ಹೊರದೇಶದವರಿಗೂ ಹಿಂದೆಯೇ ಹೊಳೆದಿತ್ತು. ಸೆಕೆ ಹೆಚ್ಚಿದಂತೆ ಮಕ್ಕಳು ಕುಡಿಯುವ ನೀರು ಎಷ್ಟು ಹೆಚ್ಚುತ್ತದೆ ಎಂಬುದನ್ನು ಗ್ಯಾಲಗನ್ ಮತ್ತು ವರ್ಮಿಲಿಯನ್ ಎಂಬ ಅಮೆರಿಕದ ಸಂಶೋಧಕರು 1957ರಲ್ಲಿ ಸೂತ್ರಕ್ಕೆ ಇಳಿಸಿದರು. ಅದರ ಆಧಾರದ ಮೇಲೆ 1962ರಲ್ಲಿ ಅಲ್ಲಿ ಚಳಿ ಊರುಗಳಿಗೆ ಲೀಟರಿಗೆ 1.2 ಮಿಲಿಗ್ರಾಂ, ಸೆಕೆ ಊರುಗಳಿಗೆ 0.7 ಮಿಲಿಗ್ರಾಂ ಫ್ಲೋರೈಡ್ ಸಾಕೆಂದು ನಿಗದಿ ಮಾಡಿದರು.

ಫ್ಲೋರೈಡಿಗೆ ಹೆದರಿ ನೀರನ್ನೇ ಕಡಿಮೆ ಮಾಡಿದರೆ ಇನ್ನೊಂದು ಹೊಂಡಕ್ಕೆ ಬಿದ್ದಂತೆ. ನೀರಿನ ಮೂಲವನ್ನು ಬದಲಿಸಬೇಕು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದು ಇನ್ನಷ್ಟು ಹೆಚ್ಚುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯಲ್ಲಿ, ನಮ್ಮ ರಾಜ್ಯದಲ್ಲಿ ಮನೆಮನೆಗೆ ಗಂಗೆ ಎಂದು ಕರೆದದ್ದರಲ್ಲಿ, ಹಳ್ಳಿಯಲ್ಲಿಯೇ ನೀರು ಪರೀಕ್ಷಿಸುವ ಪೆಟ್ಟಿಗೆ ಕೊಟ್ಟು ಹೆಣ್ಣುಮಕ್ಕಳಿಗೆ ತರಬೇತಿ ನೀಡುವ ಏರ್ಪಾಡು ಇದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ನೀವು ಕುಡಿಯುವ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿ. ಆ ಯೋಜನೆಯ ಗುರಿ ತಲೆಗೆ ದಿನಕ್ಕೆ 55 ಲೀಟರು. ಅದರಲ್ಲಿ ಕುಡಿಯಲು, ಅಡಿಗೆಗೆ ಬೇಕಾದದ್ದು ಸಣ್ಣ ಪಾಲು. ಒಳ್ಳೆಯ ನೀರು ಕಡಿಮೆ ಇದ್ದರೆ ಅದನ್ನು ಈ ಎರಡಕ್ಕೆ ಮೀಸಲಿಟ್ಟು, ಬಟ್ಟೆ ಪಾತ್ರೆಗೆ ಬೋರಿನ ನೀರು ಬಳಸಿ.

ಕಾಲುವೆಯ ನೀರನ್ನು ಬೊಗಸೆಯಲ್ಲಿ ಕುಡಿಯುವ ಚಾಳಿಯನ್ನೂ ಬಿಡಬೇಕು. ಮೇಲಿನ ಗದ್ದೆಗಳಿಗೆ ಹೊಡೆದ ಔಷಧಿ, ಗೊಬ್ಬರ, ದನಕರುಗಳ ಹೊಲಸು ಎಲ್ಲವೂ ಹರಿದು ಬರುತ್ತದೆ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿಯೇ ಕಲುಷಿತ ನೀರು ಕುಡಿದು ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಕೆಲವರು ಪ್ರಾಣ ಕಳೆದುಕೊಂಡರು. ರೋಗಾಣುಗಳ ಅನುಮಾನವಿದ್ದಾಗ ಕುದಿಸಿ ಆರಿಸಿದ ನೀರೇ ಸುರಕ್ಷಿತ.

ವಾಂತಿಭೇದಿಯಾದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತ ಆಸ್ಪತ್ರೆಗೆ ಒಯ್ಯಿರಿ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನೊಬಿಸ್ ಅವರು ಇಂಥದೇ ಉಪ್ಪು ಸಕ್ಕರೆಯ ನೀರಿನಿಂದ ಕಾಲರಾ ರೋಗಿಗಳ ಸಾವನ್ನು ಬಹಳಷ್ಟು ತಗ್ಗಿಸಿದರು. ಆಶಾ ಕಾರ್ಯಕರ್ತೆಯರ ಬಳಿ ಸಿಗುವ ಓಆರ್‌ಎಸ್ ಪೊಟ್ಟಣವಂತೂ ಮನೆಯಲ್ಲಿ ಸದಾ ಇರಲಿ.

ಇವರ ಲೆಕ್ಕ ಬೇರೆ

ಆರು ತಿಂಗಳೊಳಗಿನ ಕೂಸಿಗೆ ಎಂಥ ಬೇಸಿಗೆಯಲ್ಲೂ ತಾಯಿಯ ಹಾಲೇ ಸಾಕು, ಬೇರೆ ನೀರು ಬೇಡ. ವಯಸ್ಸಾದವರಿಗೆ ನೀರು ಬೇಕಿದ್ದರೂ ಬಾಯಾರಿಕೆ ತಿಳಿಯುವುದು ಕಡಿಮೆ. ಅಜ್ಜ ಅಜ್ಜಿಯರು ಕೇಳಲೆಂದು ಕಾಯದೆ ಹೊತ್ತಿಗೊಮ್ಮೆ ಲೋಟ ಕೈಗೆ ಕೊಡಿ. ಒಮ್ಮೆ ಹರಳಾದವರು ದಿನಕ್ಕೆ ಎರಡೂವರೆ ಲೀಟರು ಮೂತ್ರ ಹೋಗುವಷ್ಟು ನೀರು ಕುಡಿಯಬೇಕೆಂದು ವೈದ್ಯರು ಹೇಳುತ್ತಾರೆ. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ಈ ಲೇಖನದ ಅಳತೆಯನ್ನು ಅನುಸರಿಸದೆ ತಮ್ಮ ವೈದ್ಯರು ಹೇಳಿದಷ್ಟೇ ಕುಡಿಯಬೇಕು. ರಕ್ತದೊತ್ತಡ ಇರುವವರು ಮಜ್ಜಿಗೆಗೆ ಉಪ್ಪು ಸುರಿದುಕೊಳ್ಳಬಾರದು.

ಬಿಸಿಲಿನಲ್ಲಿ ಯಾರಾದರೂ ತಡವರಿಸಿ ಮಾತಾಡಿದರೆ, ಮೈ ಬೆಂಕಿಯಂತಾದರೆ, ಪ್ರಜ್ಞೆ ತಪ್ಪಿದರೆ ಅದು ಬಿಸಿಲಾಘಾತ. ಕೂಡಲೇ ನೆರಳಿಗೆ ತಂದು ಮೈಗೆಲ್ಲ ನೀರು ಸುರಿದು ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ನಾಳೆ ಬೆಳಿಗ್ಗೆಯೇ ಆರಂಭಿಸಿ

ಎದ್ದ ಕೂಡಲೇ ಎರಡು ಲೋಟ ನೀರು ಕುಡಿಯಿರಿ. ಎಷ್ಟು ಗಂಟೆ ಕೆಲಸ, ಎಷ್ಟು ಜನ ಎಂದು ಎಣಿಸಿ ಕೊಡ ತುಂಬಿರಿ. ಹೊಲದಲ್ಲಿ ಅರ್ಧ ಗಂಟೆಗೊಮ್ಮೆ ಎಲ್ಲರೂ ಕೈ ನಿಲ್ಲಿಸಿ ಒಂದೊಂದು ಲೋಟ ಕುಡಿಯುವ ರೂಢಿ ಮಾಡಿ. ಬಿಸಿಲೇರಿದಾಗ, ಕೆಲಸ ಭಾರವಿದ್ದಾಗ ಕಾಲು ಗಂಟೆಗೊಮ್ಮೆ ಕುಡಿಯಿರಿ. ಒಬ್ಬರೇ ಎದ್ದು ಹೋಗಲು ನಾಚುವವರೂ ಆಗ ಕುಡಿಯುತ್ತಾರೆ. ಮನೆಗೆ ಮರಳಿದ ಮೇಲೆ ಕೊಡದಲ್ಲಿ ಎಷ್ಟು ಉಳಿಯಿತು ನೋಡಿ. ತುಂಬಾ ಉಳಿದಿದ್ದರೆ ಯಾರು ಕುಡಿಯಲಿಲ್ಲ, ಏಕೆ ಕುಡಿಯಲಿಲ್ಲ ಎಂದು ಮನೆಯ ಹೆಣ್ಣುಮಕ್ಕಳನ್ನು ಕೇಳಿ.

ಬೆಳೆ ಒಂದು ವರ್ಷ ಒಣಗಿದರೆ ಮುಂದಿನ ವರ್ಷ ಬಿತ್ತಬಹುದು. ಬಿತ್ತುವ ಕೈಗಳು ಬಾಡದಂತೆ ಈ ಬೇಸಿಗೆಯಲ್ಲಿ ಜೋಪಾನ ಮಾಡಿಕೊಳ್ಳಿ.